ಸೂತಕ ತಟ್ಟದ ಕಡೆಯಿಂದ

ನೆರೂಳ

ಮುಂಬಯಿಯ ಪಕ್ಕದ ನೆರೂಳಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಲಂಡನ್ನಿಗೆ ಹೋಗಿ ಬಂದವರು ನಾಲ್ಕೈದು ಮಂದಿ ಇದ್ದಾರೆ. ಅವರ ಆಲ್ಬಮ್ಮುಗಳಲ್ಲಿ ದೊಡ್ಡ ಗಡಿಯಾರ, ನದಿಯ ಸೇತುವೆ, ಕೆಂಪು ಬಸ್ಸಿನ ಮುಂದೆ ಹಲ್ಲು ಬಿಟ್ಟು ನಿಂತ ಮೊಮ್ಮಕ್ಕಳು. ನಾನು ಅಲ್ಲಿಂದ ತಂದದ್ದು ಒಂದೇ ಚಿತ್ರ. ಅದೂ ನಾನು ತೆಗೆದದ್ದಲ್ಲ, ಆಸ್ಪತ್ರೆಯ ಯಂತ್ರ ತೆಗೆದದ್ದು. ನನ್ನ ಗಂಡನ ಎಲುಬುಗೂಡು, ಅದರ ನಡುವೆ ಕಾಣಬಾರದ ಜಾಗದಲ್ಲಿ ಕಪ್ಪಗೆ ಎದ್ದು ಕಾಣುವ ಹೃದಯ. ಕೆಳಗಿನ ಮನೆಯ ಕುಲಕರ್ಣಿ ವಹಿನಿ "ಲಂಡನ್ ಕಸಂ ಹೋತಂ?" ಎಂದು, ಲಂಡನ್ ಹೇಗಿತ್ತು ಎಂದು, ಲಿಫ್ಟಿನಲ್ಲಿ ಕೇಳಿದಾಗ ನಾನು "ಥಂಡಿ ಹೋತೀ" ಎಂದು ಮಾತು ಮುಗಿಸಿದ್ದೆ. ಥಂಡಿ ಅಲ್ಲದೆ ಇದ್ದದ್ದನ್ನು ಈಗ ಬರೆಯುತ್ತಿದ್ದೇನೆ.

ಕಾಯಿಲೆ ಶುರುವಾದದ್ದು ನಾವು ಡೊಂಬಿವಿಲಿಯಲ್ಲಿದ್ದಾಗ. ಒಂದು ಸಂಜೆ ಇವರು ಆಫೀಸಿನಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು. ಬಲಗಾಲಿನದು ಸ್ಟೇಶನ್ನಿನ ಸೇತುವೆಯ ಮೇಲೆ ಎಲ್ಲೋ ಕಳಚಿಹೋಗಿತ್ತು, ಬರಿಗಾಲಲ್ಲಿ ಮನೆತನಕ ನಡೆದು ಬಂದರೂ ಇವರಿಗೆ ಗೊತ್ತೇ ಆಗಿರಲಿಲ್ಲ. "ಯಾರ ಮೇಲೆ ಧ್ಯಾನ ಇತ್ತು?" ಎಂದು ನಾನು ನಕ್ಕೆ. ಇವರೂ ನಕ್ಕರು. "ಡೊಂಬಿವಿಲಿಯ ಸೇತುವೆಯಲ್ಲಿ ಚಪ್ಪಲಿ ಹೋಗುವುದು ದೊಡ್ಡದಲ್ಲ ಮಾರಾಯ್ತಿ, ಕಾಲು ಉಳಿದು ಬಂದದ್ದು ದೊಡ್ಡದು." ಇವರು ಅಂದರೆ ಸುಧಾಕರ. ಠಾಣೆ-ಬೇಲಾಪುರ ರಸ್ತೆಯ ಒಂದು ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು.

ಆಮೇಲೆ ಆರು ವರ್ಷ ವೈದ್ಯರ ಬಾಗಿಲುಗಳು. ಸಕ್ಕರೆ ಕಾಯಿಲೆಯ ನರದೋಷ ಎಂದರು, ಸಕ್ಕರೆ ಹೆಚ್ಚೇನೂ ಇರಲಿಲ್ಲ. ವಿಟಮಿನ್ ಕಡಿಮೆ ಎಂದರು, ಬೆನ್ನುಮೂಳೆ ಎಂದರು. ಹೊಟ್ಟೆ ಒಂದು ವಾರ ಬಿಗಿದುಕೊಂಡರೆ ಇನ್ನೊಂದು ವಾರ ನೀರಾಗಿ ಹೋಗುತ್ತಿತ್ತು. ಎದ್ದು ನಿಂತರೆ ಕಣ್ಣು ಕತ್ತಲೆ. ಅಂಗಿಗಳು ಒಂದೊಂದಾಗಿ ದೊಡ್ಡದಾದವು. ನಾವು ನೆರೂಳಿಗೆ ಬಂದದ್ದೂ ಲಿಫ್ಟಿರುವ ಮನೆ ಬೇಕು ಎಂಬ ಕಾರಣಕ್ಕೇ.

ಠಾಣೆಯ ನಾಕಾದ ಹತ್ತಿರ ಒಬ್ಬ ವಯಸ್ಸಾದ ನರವೈದ್ಯರು ಮಾತ್ರ ಇವರ ಕಾಲುಗಳನ್ನು ತುಂಬ ಹೊತ್ತು ನೋಡಿದ್ದರು. ಆಮೇಲೆ ಪೆನ್ನು ಕೆಳಗಿಟ್ಟು ಮನೆತನದಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಕೇಳಿದರು, "ಘರ್ ಮೇ ಕಿಸೀ ಔರ್ ಕೋ? ಖಾನ್‌ದಾನ್ ಮೇ?" ಇವರು ಖುಷಿಯಿಂದ ಹೇಳಿದರು. ಅಜ್ಜಿ ತೊಂಬತ್ತರ ತನಕ ಗದ್ದೆಗೆ ಇಳಿದವರು, ಮೂವರು ಮಾವಂದಿರೂ ಕಲ್ಲುಗುಂಡು, ದೊಡ್ಡಮ್ಮ ಇವತ್ತಿಗೂ ಬಾವಿಯಿಂದ ನೀರು ಸೇದುತ್ತಾರೆ. ವೈದ್ಯರು ಪೆನ್ನು ಎತ್ತಿಕೊಂಡು ಮತ್ತೆ ವಿಟಮಿನ್ ಬರೆದರು.

ಅಲ್ಲಿಯ ಫಾರ್ಮನ್ನೂ ನಾನೇ ತುಂಬಿದ್ದು. ನಮ್ಮ ಮನೆಯಲ್ಲಿ ಯಾವ ಫಾರ್ಮ್ ಬಂದರೂ ನನ್ನ ಕೈಗೇ ಬರುವುದು. ಕಾರ್ಕಳದ ಕಡೆಯ ಕಾನ್ವೆಂಟಿನಲ್ಲಿ ಸಿಸ್ಟರ್ ಬೆನಡಿಕ್ಟಾ ನನ್ನ ಬೆರಳ ಗೆಣ್ಣಿಗೆ ರೂಲು ತಟ್ಟಿ ಕಲಿಸಿದ ಅಕ್ಷರ ಅದು. ಅವರು ಇನ್ನೊಂದನ್ನೂ ಕಲಿಸಿದ್ದರು. ಫಾರ್ಮಿನಲ್ಲಿ ಯಾವ ಜಾಗವನ್ನೂ ಖಾಲಿ ಬಿಡಬಾರದು, ಖಾಲಿ ಜಾಗ ಸೋಮಾರಿಯ ಗುರುತು, ಏನೂ ಇಲ್ಲದಿದ್ದರೆ ‘ನಿಲ್’ ಎಂದು ಬರೆಯಬೇಕು. ಮನೆತನದ ಕಾಯಿಲೆಗಳು ಎಂಬ ಸಾಲಿನ ಮುಂದೆ ನಾನು ಡೊಂಬಿವಿಲಿಯಲ್ಲಿ, ಠಾಣೆಯಲ್ಲಿ, ಕಲ್ಯಾಣದಲ್ಲಿ, ನೆರೂಳಿನಲ್ಲಿ ನಿಲ್ ಎಂದು ಬರೆದೆ. ಇಂಗ್ಲಿಷಿನ ಎನ್ ಅಕ್ಷರದ ಮೊದಲ ಗೆರೆಯನ್ನು ಸ್ವಲ್ಪ ಬಳುಕಿಸಿ.

ಕೊನೆಗೆ ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕಾಲಿನಿಂದ ನರದ ಚೂರು ತೆಗೆದು ನೋಡಿದರು. ಯಾವುದೋ ಒಂದು ಪ್ರೋಟೀನು ದಾರಿ ತಪ್ಪಿ ನರಗಳಲ್ಲಿ ಮೇಣದ ಹಾಗೆ ಕೂತಿದೆ, ಯಾವ ಪ್ರೋಟೀನು ಎಂದು ಇಲ್ಲಿ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಅದನ್ನೇ ನೋಡುವ ಒಂದು ಕೇಂದ್ರ ಲಂಡನ್ನಿನಲ್ಲಿದೆ. ಒಂದು ವಿಧವಾದರೆ ಎಲುಬಿನ ಮಜ್ಜೆಯಿಂದ ಬಂದದ್ದು, ಅದು ಇವರೊಬ್ಬರದೇ. ಇನ್ನೊಂದು ವಿಧವಾದರೆ ಹುಟ್ಟಿನಿಂದ ಬಂದದ್ದು, ಅದಕ್ಕೆ ಹೊಸ ಇಂಜೆಕ್ಷನ್ನಿನ ಪ್ರಯೋಗ ನಡೆಯುತ್ತಿದೆ. "ಆದರೆ ನೀವು ಮನೆತನದಲ್ಲಿ ಏನೂ ಇಲ್ಲ ಎಂದು ಬರೆದಿದ್ದೀರಿ," ಎಂದು ನನ್ನ ಅಕ್ಷರದ ಮೇಲೆ ಬೆರಳಿಟ್ಟರು. ಆ ಫಾರ್ಮಿನ ಜೊತೆ ನರದ ಚೂರನ್ನೂ ರಕ್ತವನ್ನೂ ಮೊದಲೇ ಕಳಿಸಿದರು. ಅದರ ಹಿಂದೆಯೇ ನಾವು ಹೊರಟೆವು.

ಮಗಳು ಆಗ ಕೊನೆಯ ವರ್ಷದ ಪರೀಕ್ಷೆಗೆ ಓದುತ್ತಿದ್ದಳು. ಅವಳ ನಿಜ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಕರೆಯುವ ಚಿನ್ನು ಸಾಕು.

ಗಾಲಿಕುರ್ಚಿ

ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ತಳ್ಳಿದವನು ರತ್ನಾಗಿರಿಯವನು. ಹದಿನೈದು ನಿಮಿಷದಲ್ಲಿ ಅವನಿಗೆ ಇವರ ಕಾಯಿಲೆ, ಸಂಬಳ, ಜಾತಿ ಎಲ್ಲ ಗೊತ್ತಾಗಿತ್ತು. ಬೆಳಗ್ಗೆ ಮೇಕೆಯ ಕಾಲಿನ ಸೂಪು ಕುಡಿಸಿ ಎಂದು ಉಪಾಯವನ್ನೂ ಹೇಳಿದ. ಲಂಡನ್ನಿನಲ್ಲಿ ಕುರ್ಚಿ ತಳ್ಳಿದ ಹೆಂಗಸು ಅಷ್ಟು ಉದ್ದದ ದಾರಿಯಲ್ಲಿ ಎರಡೇ ಮಾತು ಆಡಿದಳು, "ಪಾದ ಒಳಗೆ ಇಡಿ" ಮತ್ತು "ಇಲ್ಲಿಗೆ ಬಂತು". ನನಗೆ ರತ್ನಾಗಿರಿಯವನ ನೆನಪಾಯಿತು. ಹಿಂದೆ ಬಿಟ್ಟು ಬಂದ ಊರು ಅಂದರೆ ಅವನೇ ಎನ್ನಿಸಿತು.

ಸುಂಕದವರು ನನ್ನ ಚೀಲ ತೆರೆಸಿದರು. ಒಳಗೆ ಕುಚ್ಚಲಕ್ಕಿ. ಇವರ ಹೊಟ್ಟೆಗೆ ಗಂಜಿ ಬಿಟ್ಟು ಬೇರೇನೂ ಕೂರುತ್ತಿರಲಿಲ್ಲ. ಎಳೆಯ ವಯಸ್ಸಿನ ಅಧಿಕಾರಿ ಕೆಂಪು ಕಾಳುಗಳನ್ನು ಬೆರಳಲ್ಲಿ ಹೊರಳಿಸಿ "ಇದು ಬಿತ್ತುವುದಕ್ಕಾ?" ಎಂದು ಕೇಳಿದ. "ಬೇಯಿಸಿ ಒಣಗಿಸಿದ್ದು, ಇನ್ನು ಮೊಳೆಯುವುದಿಲ್ಲ," ಎಂದೆ. ಅವನು ಸುಮ್ಮನೆ ಚೀಲ ಕಟ್ಟಿಕೊಟ್ಟ. ಮೊಳೆಯುವುದಿಲ್ಲ ಎಂದ ನನ್ನ ಮಾತು ನನ್ನ ಕಿವಿಯಲ್ಲೇ ಸ್ವಲ್ಪ ಹೊತ್ತು ಉಳಿಯಿತು.

ಮೌರೀನಳ ಮನೆ

ಉಳಿದದ್ದು ಮೌರೀನ್ ಎಂಬ ಐರಿಶ್ ವಿಧವೆಯ ಮನೆಯಲ್ಲಿ. ಆಸ್ಪತ್ರೆಗೆ ಬರುವವರಿಗೆ ಅವಳು ಎರಡು ಕೋಣೆ ಬಿಟ್ಟುಕೊಡುತ್ತಿದ್ದಳು. ನಾನು ಅವಳ ಪುಸ್ತಕದಲ್ಲಿ ಹೆಸರು ಬರೆದದ್ದೇ ಕನ್ನಡಕ ಏರಿಸಿ ನನ್ನ ಮುಖ ನೋಡಿದಳು.

"ಸನ್ಯಾಸಿನಿಯರ ಕೈಕೆಳಗೆ ಕಲಿತವಳು ನೀನು."

"ಹೇಗೆ ಗೊತ್ತಾಯಿತು?"

ಅವಳು ತನ್ನ ಬಲಗೈಯ ಗೆಣ್ಣುಗಳನ್ನು ತೋರಿಸಿದಳು. "ನನಗೂ ರೂಲಿನಲ್ಲೇ ಬಿದ್ದದ್ದು." ಇಬ್ಬರೂ ನಕ್ಕೆವು. ಆ ಒಂಬತ್ತು ದಿನಗಳಲ್ಲಿ ನಾನು ಬಾಯಿ ತುಂಬ ನಕ್ಕದ್ದು ಅದೊಂದೇ ಸಲ.

ಆ ಜನರ ಒಂದು ಅಭ್ಯಾಸ ನನಗೆ ಕೊನೆಯತನಕ ಒಗ್ಗಲಿಲ್ಲ. ಕಾಯಿಲೆ ಏನು ಎಂದು ಯಾರೂ ಕೇಳುವುದಿಲ್ಲ. ಮೌರೀನ್ ಬೆಳಗ್ಗೆ ಹವೆಯ ಬಗ್ಗೆ ಮಾತಾಡುತ್ತಾಳೆ, ಸಂಜೆಯೂ ಹವೆ. ಕೋಣೆಯಲ್ಲಿ ಹಿಂದೆ ಯಾರು ಇದ್ದರು, ಗುಣವಾಯಿತೇ ಎಂದು ಕೇಳಿದರೆ, "ತುಂಬ ಒಳ್ಳೆಯ ಜನ," ಎನ್ನುತ್ತಾಳೆ. ನೆರೂಳಿನಲ್ಲಿ ಇಷ್ಟು ಹೊತ್ತಿಗೆ ಮೂರು ಮನೆಯಿಂದ ಖಿಚಡಿಯ ಡಬ್ಬಿ, ನಾಲ್ಕು ಮನೆಯಿಂದ ವೈದ್ಯರ ವಿಳಾಸ ಬರುತ್ತಿತ್ತು. ಅದು ಬಂದಾಗ ನನಗೆ ಬೇಡವೆನ್ನಿಸಿದ್ದೂ ನಿಜ.

ಎರಡನೆಯ ಸಂಜೆ ನಾನು ಅಡುಗೆಮನೆಯಲ್ಲಿ ಗಂಜಿ ಕಲಕುತ್ತಿದ್ದೆ. ಸುಟ್ಟ ವಾಸನೆ ಬಂತು. ಮೊದಲು ತಳ ಹಿಡಿಯಿತು ಎಂದುಕೊಂಡೆ. ಗಂಜಿ ಸರಿಯಾಗಿಯೇ ಇತ್ತು. ಕೋಣೆಗೆ ಹೋದರೆ ಇವರು ಕಿಟಕಿಯ ಕೆಳಗೆ ಕೂತು ಪತ್ರಿಕೆ ಓದುತ್ತಿದ್ದಾರೆ, ಪಾದಗಳು ಗೋಡೆಗೆ ಹಾಕಿದ ಕಬ್ಬಿಣದ ಹೀಟರಿಗೆ ಒತ್ತಿಕೊಂಡಿವೆ. ನೈಲಾನಿನ ಕಾಲುಚೀಲ ಕರಗಿ ಚರ್ಮಕ್ಕೆ ಅಂಟಿತ್ತು.

"ಕಾಲು ತೆಗೀರಿ!"

"ಯಾಕೆ, ಚೆನ್ನಾಗಿದೆ, ಬೆಚ್ಚಗೆ..." ಎಂದು ಇವರು ತಲೆಯೆತ್ತಿದರು. ಆಮೇಲೆ ನನ್ನ ಮುಖ ನೋಡಿ ತಮ್ಮ ಪಾದ ನೋಡಿಕೊಂಡರು. ಯಾರದೋ ಸಾಮಾನನ್ನು ಮುರಿದವರ ಮುಖವಾಗಿತ್ತು ಅದು. "ಬೆಚ್ಚಗೆ ಅಂತ ಹೇಳಿದ್ದು ಸುಳ್ಳು ಶಾಲೂ. ನನಗೇನೂ ಗೊತ್ತಾಗಲಿಲ್ಲ. ಬೆಚ್ಚಗಿರಬೇಕು ಅಂದುಕೊಂಡೆ."

ನಮ್ಮ ಊರಿನಲ್ಲಿ ಹೀಟರು ಇಲ್ಲ. ಅದಕ್ಕೇ ಕಾಲು ಎಷ್ಟು ಸತ್ತಿದೆ ಎಂದು ನಮಗೆ ತಿಳಿದಿರಲಿಲ್ಲ. ಬಾಲ್ದಿಯ ತಣ್ಣೀರಿನಲ್ಲಿ ಪಾದ ಇಡಿಸಿ ಕಾಲುಚೀಲದ ಎಳೆಗಳನ್ನು ಬಿಡಿಸುತ್ತ ಕೂತೆ. ಚರ್ಮ ಕಿತ್ತು ಬಂದಾಗಲೂ ಇವರು ಪತ್ರಿಕೆಯ ಕಡೆಗೇ ನೋಡುತ್ತಿದ್ದರು. ನೋವು ತಡೆದುಕೊಂಡಲ್ಲ. ತಡೆದುಕೊಳ್ಳಲು ನೋವೇ ಇರಲಿಲ್ಲ.

ಆಸ್ಪತ್ರೆಯ ದಾರಿ

ಲಂಡನ್ನಿನ ಬಸ್ಸು ಮಂಡಿಯೂರುತ್ತದೆ. ಕೈಕೋಲು ಹಿಡಿದವರು, ಗಾಲಿಕುರ್ಚಿಯವರು ನಿಂತದ್ದು ಕಂಡರೆ ಉಸ್ ಎಂದು ಉಸಿರು ಬಿಟ್ಟು ಒಂದು ಬದಿಗೆ ತಗ್ಗುತ್ತದೆ. ಒಳಗಿನವರೆಲ್ಲ ಕಿಟಕಿಯ ಹೊರಗೆ ನೋಡುತ್ತ ಕಾಯುತ್ತಾರೆ. ಯಾರೂ ಎದ್ದು ಬರುವುದಿಲ್ಲ, ಯಾರೂ ಗೊಣಗುವುದಿಲ್ಲ. ನನಗೆ ಡೊಂಬಿವಿಲಿಯ ಲೋಕಲ್ ನೆನಪಾಯಿತು. ಒಮ್ಮೆ ಇವರು ಹತ್ತುವಾಗ ಕಾಲು ಎಡವಿದರು. ಒಳಗಿದ್ದ ಆರು ಜನ "ಅರೇ ಅಂಕಲ್ ಕೋ ಲೇ, ಅಂಕಲ್ ಕೋ ಲೇ" ಎಂದು ಕಂಕುಳಿಗೆ ಕೈಹಾಕಿ ಎತ್ತಿಕೊಂಡಿದ್ದರು. ಆಮೇಲೆ ಈ ಸ್ಥಿತಿಯಲ್ಲಿ ಗರ್ದಿಯ ಹೊತ್ತಿನಲ್ಲಿ ಯಾಕೆ ಬರುತ್ತೀರಿ ಎಂದು ಠಾಣೆಯವರೆಗೂ ಬೈದರು, "ಇಸ್ ಹಾಲತ್ ಮೇ ಪೀಕ್ ಅವರ್ ಮೇ ಕಾಯ್ಕೋ ಆತೇ ಹೋ?" ಬೈಗುಳ ತಿಂದು ನಿಂತ ಇವರ ಮುಖದಲ್ಲಿ ಆ ದಿನ ಎಂಥ ಜೀವ ಇತ್ತು! ಮಂಡಿಯೂರಿದ ಬಸ್ಸಿನಲ್ಲಿ ಇವರು ತಲೆ ತಗ್ಗಿಸಿಕೊಂಡು ಕೂತರು.

ಮೊದಲ ಎರಡು ದಿನ ಬರಿ ಪರೀಕ್ಷೆಗಳು. ಒಂದು ಸೂಜಿ ಚುಚ್ಚಿ, ಮೂರು ಗಂಟೆ ಕಾಯಿಸಿ, ಎಲುಬುಗಳ ಚಿತ್ರ ತೆಗೆದರು. ಯಂತ್ರದ ಹುಡುಗಿ "ಸುಂದರವಾದ ಚಿತ್ರ ಬಂದಿದೆ" ಎಂದಳು. ಒಳ್ಳೆಯ ಸುದ್ದಿ ಎಂದುಕೊಂಡು ನಾನು ಅವಳಿಗೆ ಎರಡು ಸಲ ಥ್ಯಾಂಕ್ಯೂ ಹೇಳಿದೆ.

ಗ್ರೇಸ್

ಮೂರನೆಯ ದಿನ ಮನೆತನದ ವಿವರ ಬರೆದುಕೊಳ್ಳಲು ಗ್ರೇಸ್ ಎಂಬ ನರ್ಸ್ ಬಂದಳು. ಘಾನಾ ದೇಶದವಳು, ಐವತ್ತರ ಆಸುಪಾಸು, ಕುತ್ತಿಗೆಯಲ್ಲಿ ಶಿಲುಬೆ. ಅವಳ ಮುಂದೆ ದೊಡ್ಡ ಬಿಳಿ ಹಾಳೆ. ಗಂಡಸಾದರೆ ಚೌಕ, ಹೆಂಗಸಾದರೆ ವೃತ್ತ, ಕಾಯಿಲೆ ಇದ್ದರೆ ಕಪ್ಪು ತುಂಬಬೇಕು.

ಇವರು ಹೇಳುತ್ತ ಹೋದರು, ನಾನು ಇಂಗ್ಲಿಷಿಗೆ ತಂದೆ. ಅಜ್ಜಿ. ಅಜ್ಜಿಯ ಇಬ್ಬರು ತಂಗಿಯರು. ತಾಯಿ, ದೊಡ್ಡಮ್ಮ, ಮೂವರು ಮಾವಂದಿರು. ದೊಡ್ಡಮ್ಮನ ಮಕ್ಕಳು. ಹಾಳೆಯ ತುಂಬ ಖಾಲಿ ಚೌಕ, ಖಾಲಿ ವೃತ್ತ. ಎಲ್ಲರೂ ಗಟ್ಟಿ, ಎಲ್ಲರೂ ಎಂಬತ್ತು ದಾಟಿದವರು. ಗ್ರೇಸಳ ಪೆನ್ಸಿಲು ನಿಂತಿತು.

"ನಿಮ್ಮಲ್ಲಿ ಮನೆಗೆ ಹಿರಿಯ ಯಾರು? ತಂದೆಯೋ, ಸೋದರಮಾವನೋ?"

"ಸೋದರಮಾವ," ಎಂದರು ಇವರು. "ನಮ್ಮಲ್ಲಿ ಅಳಿಯಕಟ್ಟು."

ತಿಳಿಯದವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಮನೆತನ ನಡೆಯುವುದು ತಾಯಿಯಿಂದ. ವಂಶದ ಹೆಸರು, ಅದಕ್ಕೆ ‘ಬಳಿ’ ಎನ್ನುತ್ತೇವೆ, ತಾಯಿಯದು. ಆಸ್ತಿ ಮಾವನಿಂದ ಅಳಿಯನಿಗೆ. ಅಪ್ಪನ ಮೇಲೆ ಪ್ರೀತಿ ಇರುತ್ತದೆ, ಆದರೆ ಅಪ್ಪನ ಅಣ್ಣತಮ್ಮಂದಿರು ಬೇರೆ ಮನೆಯವರು. ಅವರು ಸತ್ತರೆ ನಮಗೆ ಸೂತಕವೂ ತಟ್ಟುವುದಿಲ್ಲ. ಪಟ್ಟಣಕ್ಕೆ ಬಂದು, ಕಾಯಿದೆ ಬದಲಾಗಿ ಎಷ್ಟೋ ಕಾಲವಾಯಿತು. ಆದರೂ ಮನೆಯವರು ಯಾರು ಎಂದು ಕೇಳಿದರೆ ನಮ್ಮ ಬಾಯಿಗೆ ಬರುವುದು ತಾಯಿಯ ಕಡೆಯವರೇ.

ಗ್ರೇಸ್ ಜೋರಾಗಿ ನಕ್ಕು ನನ್ನ ಮಂಡಿಗೆ ಹೊಡೆದಳು. "ಅಯ್ಯೋ ತಾಯಿ, ನಮ್ಮ ಜನರಲ್ಲೂ ಹಾಗೇ! ನನ್ನ ಅಪ್ಪನ ಚಿಕ್ಕಪ್ಪ ಯಾರು ಎಂದು ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ." ನಾವೂ ನಗಲು ಬಾಯಿ ತೆರೆದಿದ್ದೆವು. ಅಷ್ಟರಲ್ಲಿ ಅವಳ ನಗು ನಿಂತುಹೋಯಿತು. ಹಾಳೆಯ ಬಲ ಅರ್ಧಕ್ಕೆ ಬೆರಳಿಟ್ಟಳು. ಅದು ಪೂರ್ತಿ ಬಿಳಿ.

"ಹಾಗಾದರೆ ಇವರ ಅಪ್ಪ ಎಲ್ಲಿ?"

ಇವರು ನನ್ನ ಕಡೆ ತಿರುಗಿದರು. ಇವರ ಅಪ್ಪನನ್ನು, ಅಂದರೆ ನನ್ನ ಮಾವನವರನ್ನು, ನಾನು ನೋಡಿದವಳಲ್ಲ. ಕಲ್ಯಾಣದ ಹೋಟೆಲಿನಲ್ಲಿ ದೋಸೆಯ ಕಲ್ಲಿನ ಮುಂದೆ ನಿಂತು ನಿಂತು ಕಾಲಿನ ಶಕ್ತಿ ಹೋಯಿತು, ಮುಂಬಯಿಯ ನೀರಿಗೆ ಹೊಟ್ಟೆ ಕೆಟ್ಟಿತು, ಊರಿಗೆ ಹೋಗಿ ತೀರಿಕೊಂಡರು. ಇಷ್ಟು ನನಗೆ ಮದುವೆಯಾದ ವರ್ಷದಿಂದಲೂ ಗೊತ್ತಿತ್ತು. ನಾನದನ್ನು ಹೋಟೆಲಿನ ಕಥೆ ಎಂದು ತಿಳಿದಿದ್ದೆ. ಕಾಯಿಲೆಯ ಕಥೆ ಎಂದು ಒಂದು ದಿನವೂ ತಿಳಿಯಲಿಲ್ಲ. ಅದನ್ನೇ ಈಗ ಇಂಗ್ಲಿಷಿನಲ್ಲಿ ಹೇಳತೊಡಗಿದೆ. ಕಾಲಿನ ಶಕ್ತಿ, ಹೊಟ್ಟೆ ಎಂದು ಹೇಳುವಾಗ ಅದು ಇವರದೇ ಕಥೆಯ ಹಾಗೆ ಕೇಳಿಸಿತು. ಗ್ರೇಸ್ ಬಲಬದಿಯಲ್ಲಿ ಒಂದು ಚೌಕ ಬರೆದು ಪೆನ್ಸಿಲನ್ನು ನಿಧಾನವಾಗಿ ಉಜ್ಜಿದಳು.

"ಅವರ ಕಡೆ ಬದುಕಿರುವವರು ಯಾರಾದರೂ ಇದ್ದಾರೆಯೇ? ಇವತ್ತೇ ಕೇಳಿ ನೋಡಿ."

ಮೂಡುಬಿದಿರೆಗೆ ಫೋನು

ಇದ್ದವರು ಒಬ್ಬರೇ, ಮಾವನವರ ತಂಗಿ. ನಮ್ಮಲ್ಲಿ ಅಪ್ಪನ ತಂಗಿಯನ್ನು ಮಾಮಿ ಎನ್ನುತ್ತೇವೆ. ಮೂಡುಬಿದಿರೆಯ ಹತ್ತಿರ ಮಗಳ ಜೊತೆ ಇದ್ದರು. ನಮ್ಮ ಮದುವೆಯಲ್ಲಿ ಕಂಡದ್ದು, ಮತ್ತೆ ಎಲ್ಲೋ ಒಂದು ನಾಮಕರಣದಲ್ಲೋ ಗೃಹಪ್ರವೇಶದಲ್ಲೋ. ಅವರು ಮಾತಾಡಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಲಂಡನ್ನಿನಿಂದ ನನಗೆ ಫೋನಾ? ಯಾರು ಹೋದರು ಮಗಾ?"

"ಯಾರೂ ಹೋಗಲಿಲ್ಲ ಮಾಮಿ. ಇವರ ಅಪ್ಪನಿಗೆ ಕೊನೆಗೆ ಏನಾಗಿತ್ತು?"

"ಕಾಲಿನದೇ ಅಲ್ಲವಾ. ಒಲೆಯ ಕೆಂಡ ತುಳಿದರೂ ತಿಳಿಯುತ್ತಿರಲಿಲ್ಲ ಅಣ್ಣನಿಗೆ."

ನಾನು ಇವರ ಕಾಲಿನ ಬ್ಯಾಂಡೇಜನ್ನು ನೋಡುತ್ತಿದ್ದೆ. "ಅವರೊಬ್ಬರಿಗೇನಾ?"

"ದೊಡ್ಡಣ್ಣನಿಗೂ ಅದೇ. ನಮ್ಮ ಅಮ್ಮನಿಗೂ ಕಡೆಕಡೆಗೆ ಅದೇ. ಮೊದಲು ಉರಿ ಉರಿ ಅಂತ ಬಾಲ್ದಿಯಲ್ಲಿ ಕಾಲಿಟ್ಟು ಕೂರುವುದು. ಆಮೇಲೆ ಉರಿಯೂ ಇಲ್ಲ, ಏನೂ ಇಲ್ಲ. ಹೊಟ್ಟೆ ನಿಲ್ಲುವುದಿಲ್ಲ. ಕಡ್ಡಿಯಾಗಿ ಹೋದರು ಎಲ್ಲರೂ. ನಾನೊಬ್ಬಳು ಉಳಿದದ್ದು."

"ನೀವು ಯಾವತ್ತೂ ಹೇಳಲಿಲ್ಲವಲ್ಲ ಮಾಮಿ."

"ಕೇಳಿದ್ದು ಯಾರು?" ಮಾಮಿಯ ದನಿ ಗಡುಸಾಯಿತು. "ಅಣ್ಣ ಸಾಯುವಾಗ ಸುಧಾಕರನಿಗೆ ಒಂಬತ್ತು ವರ್ಷ. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮರುದಿನವೇ ಅವನ ಮಾವ ಬಂದು ಕರಕೊಂಡು ಹೋದರು. ದೊಡ್ಡಣ್ಣ ಹೋದಾಗ ಒಂದು ಕಾಗದ ಹಾಕಿದೆ. ನಿಮಗೆ ಸೂತಕ ಇಲ್ಲ, ನೀವು ಬರಲಿಲ್ಲ, ಅದರಲ್ಲಿ ತಪ್ಪೂ ಇಲ್ಲ. ನಮ್ಮ ಮನೆಯ ಪೀಡೆ ನಿಮ್ಮ ಮನೆಗೆ ಯಾಕೆ ಬರುತ್ತದೆ ಅಂತ ನಾನೂ ನೆಮ್ಮದಿಯಲ್ಲಿದ್ದೆ." ಆಮೇಲೆ ದನಿ ಮೆತ್ತಗಾಯಿತು. "ಸುಧಾಕರನಿಗೂ ಬಂತಾ?"

"ಹೂಂ ಮಾಮಿ."

"ನಿನ್ನ ಮಗಳ ಬಗ್ಗೆ ಹೆದರಬೇಡ ಮಗಾ. ಅವಳು ನಿನ್ನ ಬಳಿ. ನಿನ್ನ ಮನೆಯವಳು. ಅವಳಿಗೆ ಇದು ತಟ್ಟುವುದಿಲ್ಲ."

ಫೋನು ಇಟ್ಟಮೇಲೆ ಇವರು ಕೇಳಿದರು, "ಮಾಮಿ ಏನಂದರು?" ಎಲ್ಲವನ್ನೂ ಹೇಳಿದೆ. ಕೊನೆಯ ಮಾತನ್ನು ಹೇಳಲಿಲ್ಲ. ನಾಚಿಕೆಯಾದರೂ ಒಪ್ಪಿಕೊಳ್ಳುತ್ತೇನೆ, ಆ ಸಂಜೆ ನಾನು ಆ ಮಾತನ್ನೇ ಹಿಡಿದುಕೊಂಡು ಕೂತಿದ್ದೆ. ಕಾನ್ವೆಂಟಿನಲ್ಲಿ ವಿಜ್ಞಾನಕ್ಕೆ ಬಹುಮಾನ ಪಡೆದವಳು ನಾನು. ಚಿನ್ನು ನನ್ನ ಬಳಿ, ನನ್ನ ಬಳಿ ಎಂದು ಜಪ ಮಾಡುವವರ ಹಾಗೆ ಅಂದುಕೊಳ್ಳುತ್ತಿದ್ದೆ.

ಗುರುವಾರ

ಡಾಕ್ಟರು ಎತ್ತರದ ಆಳು. ಮೇಜಿನ ಹಿಂದೆ ಕೂರದೆ ನಮ್ಮ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಅದನ್ನು ಕಂಡಾಗಲೇ ನನಗೆ ತಿಳಿಯಿತು.

ಪ್ರೋಟೀನಿನ ಹೆಸರು ಟ್ರಾನ್ಸ್‌ಥೈರೆಟಿನ್. ಹೆಸರು ಉದ್ದವಾದರೂ ಕೆಲಸ ಸಣ್ಣದು ಎಂದರು. ಎಲ್ಲರ ಮೈಯಲ್ಲೂ ಇರುವಂಥದು. ಯಕೃತ್ತಿನಲ್ಲಿ ಹುಟ್ಟಿ, ರಕ್ತದಲ್ಲಿ ಥೈರಾಯ್ಡಿನ ರಸವನ್ನೂ ಎ ವಿಟಮಿನ್ನನ್ನೂ ಹೊತ್ತು ತಿರುಗುವ ಹಮಾಲಿ. ನಾಲ್ಕು ತುಂಡು ಒಂದಕ್ಕೊಂದು ಒತ್ತಿಕೊಂಡರೆ ಒಂದು ಪ್ರೋಟೀನು. ಹುಟ್ಟಿನಿಂದ ಬಂದ ಒಂದು ಸಣ್ಣ ವ್ಯತ್ಯಾಸದಿಂದ ಇವರ ಮೈಯಲ್ಲಿ ಆ ನಾಲ್ಕೂ ಬಿಡಿಬಿಡಿಯಾಗುತ್ತವೆ. ಬಿಡಿಯಾದವು ಮುದುಡಿ, ಹೋದಲ್ಲೆಲ್ಲ ಕೂರುತ್ತವೆ. ನನಗೆ ಲೇಡೀಸ್ ಡಬ್ಬಿಯ ಸೀಟು ಕಣ್ಣಿಗೆ ಬಂತು. ಮೂವರ ಜಾಗದಲ್ಲಿ ನಾಲ್ವರು ಒತ್ತಿಕೊಂಡು ಕೂತಿರುತ್ತೇವೆ, ನಾಲ್ಕನೆಯವಳ ಅರ್ಧ ಮೈ ಹೊರಗೇ ಇರುತ್ತದೆ. ಒಬ್ಬಳು ಜಾರಿದರೆ ಉಳಿದವರ ಹಿಡಿತವೂ ತಪ್ಪುತ್ತದೆ.

"ಈ ಕಾಯಿಲೆಯನ್ನು ಗುರುತಿಸುವುದೂ ಈ ಪ್ರೋಟೀನಿನಿಂದಲೇ," ಎಂದರು ಡಾಕ್ಟರು, "ಹೊಸ ಔಷಧಕ್ಕೆ ಗುರಿಯೂ ಇದೇ. ಇದನ್ನು ತಯಾರಿಸಬೇಡ ಎಂದು ಯಕೃತ್ತಿಗೆ ಹೇಳುವ ಇಂಜೆಕ್ಷನ್ನು. ಪ್ರಯೋಗ ನಡೆಯುತ್ತಿದೆ. ನಾವು ತುಂಬ ಆಸೆ ಇಟ್ಟುಕೊಂಡಿದ್ದೇವೆ."

"ಇವರಿಗೆ ಕೊಡಬಹುದೇ?"

ಅವರು ಆ ಚಿತ್ರವನ್ನು ತೋರಿಸಿದರು. ಎಲುಬುಗಳನ್ನು ತೋರಿಸಬೇಕಾದ ಚಿತ್ರದಲ್ಲಿ ಹೃದಯ ಎದ್ದು ಕಾಣುತ್ತಿತ್ತು. ಪ್ರೋಟೀನು ಅಲ್ಲಿಯೂ ತುಂಬಿತ್ತು. ಇಷ್ಟು ದಣಿದ ಹೃದಯದವರನ್ನು ಪ್ರಯೋಗಕ್ಕೆ ತೆಗೆದುಕೊಳ್ಳುವ ಹಾಗಿಲ್ಲ ಎಂದರು. ಸಾರಿ ಎಂದರು. ಬಸ್ಸಿನಲ್ಲಿ ಮೈ ತಾಗಿದರೆ ಹೇಳುವ ಸಾರಿಯಲ್ಲ ಅದು.

ನಾನು ಕೇಳಬಾರದಿತ್ತು. ಕೇಳಿದೆ. "ಆರು ವರ್ಷ ಮೊದಲು ಬಂದಿದ್ದರೆ?"

"ಆಗ ಈ ಔಷಧ ಇರಲಿಲ್ಲ." ಅಷ್ಟಕ್ಕೇ ನಿಲ್ಲಿಸಿದರೆ ಆಗುತ್ತಿತ್ತು. ಆ ಮನುಷ್ಯನಿಗೆ ಸುಳ್ಳು ಬರುತ್ತಿರಲಿಲ್ಲ. "ಯಕೃತ್ತನ್ನೇ ಬದಲಿಸುವ ದಾರಿ ಇತ್ತು. ಶುರುವಿನಲ್ಲೇ ತಿಳಿದಿದ್ದರೆ, ಕೆಲವರಿಗೆ ಅದು..." ಎಂದು ಫೈಲನ್ನು ಮುಚ್ಚಿದರು. ಮುಚ್ಚುವ ಮೊದಲು ನಾನು ಕಂಡೆ. ಮೇಲಿನ ಹಾಳೆಯಲ್ಲಿ ನನ್ನ ಅಕ್ಷರ ಇತ್ತು, ಬಳುಕಿದ ಎನ್.

"ಮಕ್ಕಳು?" ಎಂದು ಕೇಳಿದರು.

"ಒಬ್ಬಳು. ನನ್ನ..." ಎಂದು ಶುರುಮಾಡಿ ನಿಲ್ಲಿಸಿದೆ. ಆ ಕೋಣೆಯಲ್ಲಿ ಹೇಳುವ ಮಾತಾಗಿರಲಿಲ್ಲ ಅದು. "ನಮ್ಮ ಮಗಳು," ಎಂದೆ.

ಅರ್ಧಕ್ಕರ್ಧ ಸಾಧ್ಯತೆ ಎಂದರು. ಬೇಕೆಂದರೆ ರಕ್ತದಿಂದ ತಿಳಿಯಬಹುದು, ನಿರ್ಧಾರ ಅವಳದು. ಗ್ರೇಸ್ ಬಾಗಿಲ ಹತ್ತಿರ ನಿಂತಿದ್ದಳು. ಅವಳ ಹಾಳೆ ಈಗ ಎರಡೂ ಬದಿ ತುಂಬಿತ್ತು. ಇವರ ಚೌಕ ಕಪ್ಪು, ನನ್ನ ವೃತ್ತ ಖಾಲಿ, ನಮ್ಮಿಬ್ಬರ ನಡುವಿನಿಂದ ಇಳಿದ ಗೆರೆಯ ತುದಿಯಲ್ಲಿ ಒಂದು ಚಿಕ್ಕ ವೃತ್ತ. ಅದರ ಒಳಗೆ ಅವಳು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು.

ಬೆಂಚು

ಆಸ್ಪತ್ರೆಯ ಹಿಂದೆ ದಿಬ್ಬದ ಮೇಲೆ ದೊಡ್ಡ ಹುಲ್ಲುಗಾವಲು. ಅಲ್ಲಿಯ ಬೆಂಚುಗಳ ಮೇಲೆ ಸತ್ತವರ ಹೆಸರು ಕೆತ್ತಿರುತ್ತದೆ. ಇಂಥವರು ಈ ಜಾಗವನ್ನು ಪ್ರೀತಿಸುತ್ತಿದ್ದರು ಎಂದು ಮನೆಯವರು ಹಾಕಿಸಿದ್ದು. ನಾವು ಯಾರದೋ ಹೆಸರಿಗೆ ಒರಗಿ ಕೂತೆವು. ನಾಯಿಗಳನ್ನು ಕರೆತಂದವರು ನಾಯಿಗಳ ಜೊತೆ ಮಾತಾಡುತ್ತಿದ್ದರು.

"ನನ್ನ ಹೆಸರಿನದು ನೆರೂಳ ಸ್ಟೇಶನ್ನಿನಲ್ಲಿ ಹಾಕಿಸು," ಎಂದರು ಇವರು. "ಎರಡನೆಯ ಪ್ಲಾಟ್‌ಫಾರ್ಮಿನಲ್ಲಿ. ಅಲ್ಲಿ ಫ್ಯಾನಿದೆ."

ನನಗೆ ನಗಲಾಗಲಿಲ್ಲ. "ನಾನೇ ನಿಲ್ ನಿಲ್ ಅಂತ ಬರೆದದ್ದು. ಒಂದು ಸಲ ನಿಮ್ಮನ್ನು ಕೇಳಬಹುದಿತ್ತು."

"ಕೇಳಿದ್ದರೂ ನಾನು ಅಜ್ಜಿಯ ಗದ್ದೆಯ ಕಥೆಯನ್ನೇ ಹೇಳುತ್ತಿದ್ದೆ." ಇವರು ಕೋಲಿನ ತುದಿಯಿಂದ ಹುಲ್ಲು ಕೆದಕುತ್ತಿದ್ದರು. "ಅಪ್ಪನ ಮುಖ ನನಗೆ ಸರಿಯಾಗಿ ನೆನಪಿಲ್ಲ ಶಾಲೂ. ಬಾಲ್ದಿ ನೆನಪಿದೆ. ತಾಮ್ರದ್ದು. ಅದರಲ್ಲಿ ಕಾಲಿಟ್ಟು ಕೂತಿರುತ್ತಿದ್ದರು. ನಾನು ನೀರಿನಲ್ಲಿ ಕಾಗದದ ದೋಣಿ ಬಿಡುತ್ತಿದ್ದೆ, ಅವರ ಕಾಲಿಗೆ ಬಡಿದು ನಿಲ್ಲುತ್ತಿತ್ತು." ಕೋಲನ್ನು ಪಕ್ಕಕ್ಕಿಟ್ಟು ಕೇಳಿದರು, "ಚಿನ್ನುವಿಗೆ ಹೇಳಬೇಕಾ?"

ಹೇಳದಿದ್ದರೆ ನಾವು ಮೂಡುಬಿದಿರೆಯ ಮನೆಯವರ ಹಾಗಾಗುತ್ತೇವೆ ಎಂದೆ. ಹೇಳಿದರೆ ಅವಳ ಇಪ್ಪತ್ತೊಂದನೆಯ ವರ್ಷವನ್ನು ಅವಳಿಂದ ಕಿತ್ತುಕೊಳ್ಳುತ್ತೇವೆ. ಎರಡನೆಯದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ.

ಹೊರಡುವ ದಿನ ಮೌರೀನ್ ನನ್ನನ್ನು ಅಪ್ಪಿಕೊಂಡು ಹವೆ ಇನ್ನು ಕೆಡುತ್ತದೆ ಎಂದಳು. ಉಳಿದ ಕುಚ್ಚಲಕ್ಕಿಯನ್ನು ಅವಳ ಅಡುಗೆಮನೆಯಲ್ಲೇ ಬಿಟ್ಟು ಬಂದೆ.

ಐರೋಲಿ

ಹೇಳಿದೆವು. ಚಿನ್ನು ಪೂರ್ತಿ ಕೇಳಿಸಿಕೊಂಡಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ಹಿಂದಿಯಲ್ಲಿ. "ಟೆಸ್ಟ್ ಅಭೀ ನಹೀ, ಮಮ್ಮಾ. ದವಾಯೀ ಆಯೇಗೀ ತಬ್ ದೇಖೇಂಗೇ." ಪರೀಕ್ಷೆ ಈಗ ಬೇಡ, ಔಷಧ ಬಂದಾಗ ನೋಡೋಣ ಎಂದವಳು ಹೋಗಿ ಅಪ್ಪನ ಪಾದಕ್ಕೆ ಮುಲಾಮು ಹಚ್ಚಿದಳು. ಆ ವಿಷಯ ಮತ್ತೆ ಎತ್ತಲಿಲ್ಲ.

ಕೆಲವು ತಿಂಗಳಲ್ಲಿ ಅವಳಿಗೆ ಐರೋಲಿಯ ಸೇತುವೆಯ ಹತ್ತಿರದ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸೇರುವ ಮೊದಲು ಆರೋಗ್ಯ ತಪಾಸಣೆ. ಅಷ್ಟು ಹೊತ್ತಿಗೆ ಇವರು ಹಾಸಿಗೆಯಿಂದ ಕಿಟಕಿಯ ಕುರ್ಚಿಗೆ ಬರುವುದೇ ದೊಡ್ಡ ಪ್ರಯಾಣವಾಗಿತ್ತು. ಆದರೂ ನನ್ನನ್ನು ಬಲವಂತವಾಗಿ ಅವಳ ಜೊತೆ ಕಳಿಸಿದರು. ಗಾಜಿನ ಕಟ್ಟಡ, ಕೆಳಗಿನ ಅಂತಸ್ತಿನಲ್ಲಿ ಪ್ಲಾಸ್ಟಿಕ್ಕಿನ ಕುರ್ಚಿಗಳ ಸಾಲು. ನಾಲ್ಕು ಪುಟದ ಫಾರ್ಮನ್ನು ಅವಳು ನನ್ನ ಮಡಿಲಿಗೆ ಹಾಕಿದಳು.

"ತೂ ಭರ್ ನಾ, ಮಮ್ಮಾ. ಮಾಝಂ ಅಕ್ಷರ್ ಮ್ಹಣಜೇ ಕೋಂಬಡೀಚೆ ಪಾಯ್." ಅವಳ ಅಕ್ಷರ ಕೋಳಿ ಕೆದರಿದ ಹಾಗೆ ಎಂದು ಅವಳ ಮರಾಠಿ ಟೀಚರು ಬೈಯುತ್ತಿದ್ದ ಮಾತು ಅದು.

ಹೆಸರು, ವಿಳಾಸ, ಎತ್ತರ, ತೂಕ. ಮೂರನೆಯ ಪುಟದಲ್ಲಿ ಆ ಸಾಲು ಬಂತು. ಮನೆತನದ ಕಾಯಿಲೆಗಳು. ನನ್ನ ಕೈ ನಿಂತಿತು. ಚಿನ್ನು ಫೋನಿನಿಂದ ತಲೆಯೆತ್ತಿ ನೋಡಿದಳು, ಸಾಲು ಓದಿದಳು.

"ನಿಲ್ ಲಿಖ್."

"ಚಿನ್ನೂ..."

"ಪೂರಾ ಲಿಖೇಗೀ ತೋ ಲೇಂಗೇ ಕ್ಯಾ ಮುಝೇ?" ಎಲ್ಲ ಬರೆದರೆ ಕೆಲಸಕ್ಕೆ ತೆಗೆದುಕೊಳ್ಳುತ್ತಾರಾ ಎಂದು ಕೇಳುವಾಗ ದನಿ ಏರಿಸಲಿಲ್ಲ. ನನ್ನ ಹೆಗಲಿಗೆ ಗದ್ದ ಊರಿದಳು, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ. "ನಿಲ್ ಲಿಖ್ ನಾ, ಮಮ್ಮಾ. ಹಮೇಶಾ ತೋ ಲಿಖ್ತೀ ಹೈ." ಯಾವಾಗಲೂ ಬರೆಯುವುದು ಅದನ್ನೇ ತಾನೇ, ಎಂದಳು.

ಆ ಪುಟ್ಟ ಜಾಗಕ್ಕೆ ಎಷ್ಟು ಜನ ಬರಬೇಕಾಗಿತ್ತು. ದೋಸೆಯ ಕಲ್ಲಿನ ಮುಂದೆ ನಿಂತವರು, ಕಾಗದದಲ್ಲಿ ಸತ್ತ ದೊಡ್ಡಣ್ಣ, ಬಾಲ್ದಿಯಲ್ಲಿ ಕಾಲಿಟ್ಟ ಅವರ ತಾಯಿ, ನೆರೂಳಿನ ಕಿಟಕಿಯ ಪಕ್ಕದಲ್ಲಿ ನಮಗಾಗಿ ಕಾಯುತ್ತಿದ್ದವರು. ಖಾಲಿ ಬಿಡಬಾರದು ಎಂದು ಸಿಸ್ಟರ್ ಬೆನಡಿಕ್ಟಾ ಹೇಳಿದ್ದರು. ನಾನು ಬರೆದೆ. ಮೊದಲ ಗೆರೆಯನ್ನು ಸ್ವಲ್ಪ ಬಳುಕಿಸಿ. ಆ ನಾಲ್ಕು ಪುಟಗಳಲ್ಲಿ ಅದಕ್ಕಿಂತ ಚಂದದ ಅಕ್ಷರ ಇನ್ನೊಂದಿರಲಿಲ್ಲ.

ಅವಳ ಹೆಸರು ಕರೆದರು. ಚಿನ್ನು ಫಾರ್ಮ್ ತೆಗೆದುಕೊಂಡು ಎದ್ದಳು. ಉದ್ದನೆಯ ನುಣುಪು ನೆಲ. ನಾನು ಅವಳ ಬೆನ್ನನ್ನು ನೋಡಲಿಲ್ಲ, ಪಾದಗಳನ್ನೇ ನೋಡುತ್ತ ಕೂತೆ. ಬಾಗಿಲು ಮುಚ್ಚುವವರೆಗೂ ನೋಡಿದೆ. ಎರಡೂ ಕಾಲಲ್ಲಿ ಚಪ್ಪಲಿ ಇತ್ತು.